ಖಾರದ ಮಷೀನು

ಯಾವ ಹಳೆಯ ವಾಷಿಂಗ್ ಮಷೀನನ್ನು ರಿಪೇರಿ ಮಾಡಿದರೂ ನಾಗಪ್ಪನ ಕಡೆಯ ಪರೀಕ್ಷೆ ಒಂದೇ. ತನ್ನ ಅಂಗಿ, ಪಂಚೆ, ಟವೆಲು, ಹಾಸಿಗೆಯ ಮೇಲಿನ ಚಾದರ, ಎಲ್ಲವನ್ನೂ ಅದರ ಹೊಟ್ಟೆಗೆ ಹಾಕಿ ತಿರುಗಿಸುವುದು. ಬೇರೆಯವರ ಅರಿವೆ ಹಾಕಿ ಅದು ಹರಿದರೆ ಯಾರಿಗೆ ಜವಾಬು ಕೊಡುವುದು? ತನ್ನದಾದರೆ ಹರಿದರೂ ಕೇಳುವವರಿಲ್ಲ. ಕೇಳುವವರಿಲ್ಲ ಎಂಬುದನ್ನು ಅವನು ಎದೆಯುಬ್ಬಿಸಿಯೇ ಹೇಳುತ್ತಿದ್ದ. ಅದರಲ್ಲಿ ಎದೆಯುಬ್ಬಿಸುವಂಥದ್ದು ಏನಿತ್ತೋ ದೇವರಿಗೇ ಗೊತ್ತು.

ಬ್ಯಾಡಗಿ ಸ್ಟೇಶನ್ನಿನಿಂದ ಮೆಣಸಿನಕಾಯಿ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಅವನ ಗೋದಾಮು. ಅವನದೆಂದರೆ ಬಾಡಿಗೆಯದು. ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದ ಮೇಲೆ ವ್ಯಾಪಾರಸ್ಥರು ಇಂಥ ಹಳೆಯ ಗೋದಾಮುಗಳನ್ನು ಕೈಬಿಟ್ಟರು. ಮೆಣಸಿನಕಾಯಿ ಚೀಲ ಹೋದವು, ನಾಗಪ್ಪನ ಮಷೀನುಗಳು ಬಂದವು. ಅರಿವೆ ಹಿಂಡಲು ನೆತ್ತಿಯ ಮೇಲೆ ಎರಡು ರಬ್ಬರ್ ರೋಲರು ಹೊತ್ತುಕೊಂಡವು, ಡ್ರಮ್ಮಿನಂತೆ ದುಂಡಗಿರುವವು, ಒಂದು ಕಡೆ ಒಗೆದು ಇನ್ನೊಂದು ಕಡೆ ಒಣಗಿಸುವ ಎರಡು ಹೊಟ್ಟೆಯವು. ಅವುಗಳ ನಡುವೆಯೇ ಅವನ ಮಂಚ, ಅವನ ಒಲೆ. ಬಂದ ವರ್ಷ ಗೋಡೆಗೆ ಸುಣ್ಣ ಹೊಡೆಸಿದ್ದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸುಣ್ಣದ ಕೆಳಗಿನಿಂದ ಕೆಂಪು ಮತ್ತೆ ಎದ್ದು ಬಂತು. ಅದು ಇಟ್ಟಿಗೆಯ ಕೆಂಪು ಎಂದು ನಾಗಪ್ಪ ತೀರ್ಮಾನ ಮಾಡಿ ಸುಮ್ಮನಾದ.

ಅವನ ಅಪ್ಪ ಮಾರ್ಕೆಟ್ಟಿನಲ್ಲಿ ಹಮಾಲ. ಹಮಾಲರ ಮನೆಯಲ್ಲಿ ಒಂದು ಕಟ್ಟುನಿಟ್ಟು ಇರುತ್ತದೆ. ಮೆಣಸಿನಕಾಯಿ ಚೀಲ ಹೊತ್ತು ಬಂದವನ ಅರಿವೆಯನ್ನು ಮನೆಯ ಉಳಿದ ಅರಿವೆಯ ಜೊತೆ ಕೂಡಿಸುವಂತಿಲ್ಲ. ಅದಕ್ಕೆ ಬೇರೆ ಬುಟ್ಟಿ, ಬೇರೆ ಬಕೀಟು, ಎಲ್ಲರದೂ ಒಗೆದಾದ ಮೇಲೆ ಕಟ್ಟಕಡೆಗೆ ಅದರ ಪಾಳಿ. ಅಪ್ಪನ ಅರಿವೆ ಒಗೆದ ದಿನ ಅವ್ವ ಗದಿಗೆವ್ವ ಎರಡೂ ಕೈಗಳನ್ನು ಮಜ್ಜಿಗೆಯ ಪರಾತದಲ್ಲಿ ಅದ್ದಿಕೊಂಡು ಕೂರುತ್ತಿದ್ದಳು. ಆ ಉರಿ ಬೆಳಗಿನವರೆಗೂ ಇಳಿಯುತ್ತಿರಲಿಲ್ಲ. ಆಗ ನಾಗಪ್ಪ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಹಾವೇರಿಯ ವಕೀಲರೊಬ್ಬರ ಹಿತ್ತಲಲ್ಲಿ ದನದ ಹಿಂಡಿ ತುಂಬಿಡಲು ಇಟ್ಟಿದ್ದ ಮುರುಕು ವಾಷಿಂಗ್ ಮಷೀನು ಅವನ ಕಣ್ಣಿಗೆ ಬಿತ್ತು. ಬೇಡಿ ತಂದ, ಸುಟ್ಟ ಕಾಯಿಲ್ ಕಿತ್ತು ಹೊಸದಾಗಿ ಸುತ್ತಿದ, ಬೆಲ್ಟು ಹಾಕಿದ. ಅದು ಗುಡುಗುಡು ಎಂದು ತಿರುಗಿದಾಗ ಗದಿಗೆವ್ವ ಕೈ ಮುಗಿದಳು. ಮಷೀನಿಗೋ ಮಗನಿಗೋ ಹೇಳಲಿಲ್ಲ. ಬೇರೆ ಯಾರೂ ಮರೆತು ತಮ್ಮ ಅರಿವೆ ಹಾಕಬಾರದೆಂದು ನಾಗಪ್ಪ ಅದರ ಸುತ್ತ ಕೆಂಪು ಬಣ್ಣದ ಪಟ್ಟಿ ಬಳಿದ. ಅದಕ್ಕೆ ಖಾರದ ಮಷೀನು ಎಂದೇ ಹೆಸರಾಯಿತು.

ಅಪ್ಪ ಹೋದ, ಅವ್ವನೂ ಹೋದಳು. ಖಾರದ ಮಷೀನು ಮಾತ್ರ ಗೋದಾಮಿನ ಮೂಲೆಯಲ್ಲಿ ಇನ್ನೂ ತಿರುಗುತ್ತದೆ. ಓಣಿಯ ಹಮಾಲರು ವಾರಕ್ಕೊಮ್ಮೆ ಗಂಟು ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಅದರ ಅರಿವೆ ಬೇರೆ, ಅವನ್ನು ಒಣಹಾಕುವ ದಾರ ಬೇರೆ. ಈ ವಿಷಯದಲ್ಲಿ ನಾಗಪ್ಪನಷ್ಟು ಮಡಿ ಯಾವ ಮಠದಲ್ಲೂ ಇರಲಿಕ್ಕಿಲ್ಲ. ಮದುವೆಯ ಮಾತು ಹಿಂದೆ ಒಂದೆರಡು ಕಡೆ ನಡೆದು ಮುರಿದಿತ್ತು. ಆಮೇಲೆ ಅವ್ವನ ಕಾಯಿಲೆ ಬಂತು, ಆಮೇಲೆ ಯಾರೂ ಮಾತೆತ್ತಲಿಲ್ಲ. ರಾಣೆಬೆನ್ನೂರಿನಲ್ಲಿ ತಂಗಿ ಹೊಳಿಯವ್ವ ಇದ್ದಾಳೆ, ಅವಳಿಗೊಬ್ಬಳೇ ಮಗಳು ಮಧು. ನನ್ನವರು ಎಂದು ಅವನು ಹೇಳಿಕೊಳ್ಳಬಹುದಾದದ್ದು ಅಷ್ಟೇ.

ಗೋದಾಮಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಇದ್ದವು. ಒಂದು ಅವನದು, ಇನ್ನೊಂದು ಬಂದವರಿಗೆ. ಬಂದವರು ಮಾತ್ರ ಅದರಲ್ಲಿ ಕೂತದ್ದಿಲ್ಲ. ಗಿರಾಕಿಗಳು ರಸ್ತೆಯಲ್ಲೇ ನಿಂತು ಮಾತು ಮುಗಿಸುತ್ತಿದ್ದರು. ಕರೆಂಟ್ ಬಿಲ್ಲು ಕೊಡುವವನು ಬಾಗಿಲ ಸಂದಿಯಲ್ಲಿ ಚೀಟಿ ತುರುಕಿ ಓಡುತ್ತಿದ್ದ. ಹಾವೇರಿಯ ಗುಜರಿ ವ್ಯಾಪಾರಿ ಸಲಾವುದ್ದೀನನಂತೂ ಹಳೆಯ ಸ್ನೇಹಿತ. ಎಲ್ಲಿ ಯಾರು ಹಳೆಯ ಮಷೀನು ಎಸೆದರೂ ಒಡೆದು ತೂಕಕ್ಕೆ ಹಾಕುವ ಮೊದಲು ನಾಗಪ್ಪನಿಗೆ ಸುದ್ದಿ ಮುಟ್ಟಿಸುವವನು. ಅವನೂ ಟವೆಲು ಮೂಗಿಗೆ ಅಡ್ಡ ಹಿಡಿದು ಹೊರಗೇ ನಿಲ್ಲುತ್ತಿದ್ದ.

"ಒಳಗ ಬಾರಲೇ ಸಲಾವುದ್ದೀನ, ಒಂದ್ ಕಪ್ ಚಾ ಕುಡದು ಹೋಗುವಂತಿ."

"ಬ್ಯಾಡ ನಾಗಣ್ಣ, ಗಾಡಿ ಚಾಲೂ ಐತಿ. ಲಗೂನ ಹೋಗಬೇಕು."

ಗಾಡಿ ಯಾವಾಗಲೂ ಚಾಲೂ ಇರುತ್ತಿತ್ತು. ತನ್ನ ಮುರುಕು ಸಂಸಾರದೊಳಗೆ ಕೂರಲು ಇವರಿಗೆಲ್ಲ ನಾಚಿಕೆ ಎಂದು ನಾಗಪ್ಪ ಒಳಗೊಳಗೇ ಕುದಿಯುತ್ತಿದ್ದ. ಕ್ರಮೇಣ ಎರಡನೇ ಕುರ್ಚಿಯ ಮೇಲೆ ನಟ್ಟು ಬೋಲ್ಟಿನ ಡಬ್ಬಿಗಳು ಕೂತವು. ಚಹಾ ಒಂದೇ ಕಪ್ಪು ಆಗತೊಡಗಿತು.

ಮಧು ಹೆರಿಗೆಗೆ ರಾಣೆಬೆನ್ನೂರಿಗೆ ಬಂದ ವರ್ಷವೇ ಸಲಾವುದ್ದೀನನ ಕಡೆಯಿಂದ ಆ ಫೋನು ಬಂತು. ಹಾವೇರಿಯಲ್ಲಿ ತೀರಿಕೊಂಡ ಡಾಕ್ಟರರೊಬ್ಬರ ಬಂಗಲೆ ಕೆಡವುತ್ತಿದ್ದಾರೆ, ಮಾಳಿಗೆಯ ಮೇಲೆ ಪರದೇಶದ ಮಷೀನೊಂದು ಸಿಕ್ಕಿದೆ ಎಂದ. ನಾಗಪ್ಪ ಮುಂದಿನ ರೈಲಿಗೇ ಹೋದ. ಹಾಲಿನ ಬಣ್ಣದ ಮೈ, ಮುಂದೆ ದುಂಡನೆಯ ಗಾಜಿನ ಬಾಗಿಲು, ಒಳಗೆ ನೀರು ಕಾಯಿಸುವ ಹೀಟರು. ಎತ್ತಲು ನಾಲ್ವರು ಗಂಡಸರು ತಿಣುಕಿದರು. ಕೂಸಿನ ಅರಿವೆಯನ್ನು ಕುದಿಯುವ ನೀರಲ್ಲಿ ಒಗೆಯಬೇಕೆಂದು ಹೊಳಿಯವ್ವ ಹೇಳಿದ್ದು ಅವನಿಗೆ ಅಲ್ಲೇ ನೆನಪಾಯಿತು. ಇದು ಮಧುವಿನ ಕೂಸಿಗೇ ಎಂದು ಅಲ್ಲೇ ಗಟ್ಟಿ ಮಾಡಿಕೊಂಡ.

ಮಳೆಗಾಲವಿಡೀ ಅದೇ ಕೆಲಸ. ಬೇರಿಂಗ್ ಬದಲಿಸಿದ, ಮೋಟಾರಿನ ಕಾಯಿಲ್ ಸುತ್ತಿ ವಾರ್ನಿಷ್ ಮಾಡಿ ಒಣಗಿಸಿದ, ಹೀಟರಿಗೆ ಹಿಡಿದ ಉಪ್ಪಿನ ಹಕ್ಕಳೆಯನ್ನು ನಿಂಬೆಹುಳಿಯಲ್ಲಿ ನೆನೆಸಿ ಬಿಡಿಸಿದ. ತುಕ್ಕು ತಿಂದ ಕಡೆ ತಗಡು ಕೂಡಿಸಿ ಬಣ್ಣ ಹೊಡೆದ. ಬಾಗಿಲಿನ ಸುತ್ತಲಿನ ರಬ್ಬರ್ ರಿಂಗ್ ಮಾತ್ರ ಎಲ್ಲಿಯೂ ಸಿಗಲಿಲ್ಲ; ಹಳೆಯದನ್ನೇ ತಿಕ್ಕಿ ತೊಳೆದು ಕೂರಿಸಿದ. ಆಮೇಲೆ ಪದ್ಧತಿಯಂತೆ ತನ್ನ ಅರಿವೆ ಹಾಕಿದ. ತಣ್ಣೀರಲ್ಲಿ ಒಮ್ಮೆ, ಬಿಸಿನೀರಲ್ಲಿ ಮತ್ತೆ ಮತ್ತೆ. ಗಾಜಿನ ಹಿಂದೆ ತನ್ನದೇ ಅಂಗಿ ಒಂದು ತೋಳು ಎತ್ತಿ ತೋರಿಸಿ ಮುಳುಗುವುದನ್ನು, ಮತ್ತೆ ಎತ್ತುವುದನ್ನು ನೋಡುತ್ತ ಕುರ್ಚಿಯಲ್ಲಿ ಕೂತುಬಿಡುತ್ತಿದ್ದ. ಪರೀಕ್ಷೆ ಮುಗಿದಿತ್ತು. ಆದರೂ ಸಂಜೆಯಾದರೆ ಏನಾದರೊಂದು ಹಾಕಿ ತಿರುಗಿಸುತ್ತಿದ್ದ. ಮನೆಯಲ್ಲಿ ಯಾರೋ ಓಡಾಡಿದಂತಿರುತ್ತಿತ್ತು, ಅದಕ್ಕೆ.

ಮಷೀನನ್ನು ಟೆಂಪೋದಲ್ಲಿ ರಾಣೆಬೆನ್ನೂರಿಗೆ ಒಯ್ದ ದಿನ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಹೊಳಿಯವ್ವನ ಮುಖದಲ್ಲಿ ತವರಿನ ಗೌರವ ಬೆಳಗುತ್ತಿತ್ತು. ಕೂಸು ಸೊಳ್ಳೆಪರದೆಯೊಳಗೆ ನಿದ್ದೆ ಮಾಡುತ್ತಿತ್ತು. ನಾಗಪ್ಪ ದೂರದಿಂದಲೇ ನೋಡಿದ.

"ಎಬ್ಬಸಬ್ಯಾಡ. ನಿದ್ದಿ ಮಾಡ್ಲಿ," ಎಂದ.

"ಇರ್ಲಿ ಬಿಡಣ್ಣಾ," ಎಂದಳು ಹೊಳಿಯವ್ವ. "ಐದನೇ ತಿಂಗಳದಾಗ ಜವಳ ಇಟ್ಕೊಂಡೇವಿ. ಅದು ಮುಗಿಸೇ ಮಧುನ್ನ ಗಂಡನ ಮನಿಗೆ ಕಳಸೂದು. ಅಕಿಗೆ ಒಡಹುಟ್ಟಿದ ಅಣ್ಣತಮ್ಮ ಯಾರದಾರ? ಕೂಸಿನ ಮಾವನ ಜಾಗದಾಗ ನೀನ ಕುಂದ್ರಬೇಕು. ಅವತ್ತ ತೊಡಿ ಮ್ಯಾಲಿಂದ ಇಳಸಂಗಿಲ್ಲ ನೋಡು."

ಕೂಸಿನ ಹುಟ್ಟುಗೂದಲು ತೆಗೆಸುವಾಗ ಸೋದರಮಾವ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಎಳೆ ಕತ್ತರಿಸಬೇಕು. ತನ್ನ ತೊಡೆಯ ಮೇಲೆ ಯಾರನ್ನೂ ಕೂರಿಸಿಕೊಳ್ಳದೆ ತಲೆ ನೆರೆತವನು ನಾಗಪ್ಪ. ವಾಪಸು ಬರುವಾಗ ರೈಲಿನಲ್ಲಿ ಅವನು ತನ್ನ ಎರಡೂ ತೊಡೆಗಳನ್ನು ಒಮ್ಮೆ ನೋಡಿಕೊಂಡ. ಮಾರನೆಯ ದಿನವೇ ಅಂಗಡಿಗೆ ಹೋಗಿ ಜವಳಕ್ಕೆಂದು ಬಿಳಿ ಅಂಗಿ ಹೊಲಿಯಲು ಹಾಕಿದ.

ಅಂಗಿ ಹೊಲಿದು ಬರುವ ಮೊದಲೇ ಹೊಳಿಯವ್ವನ ಫೋನು ಬಂತು.

"ಅಣ್ಣಾ, ಖರೇ ಹೇಳು. ಆ ಮಷೀನಿನ್ಯಾಗ ಹಮಾಲರ ಅರಿವಿ ಹಾಕಿದ್ದೇನು?"

"ಏನ್ ಮಾತಾಡ್ತಿ ಹೊಳಿಯವ್ವಾ! ಅವ್ವನಾಣಿ, ಒಂದ್ ಚಿಂದಿನೂ ಹಾಕಿಲ್ಲ."

"ಮತ್ತ ಕೂಸಿನ ತೊಡಿ ಸಂದ್ಯಾಗೆಲ್ಲಾ ಯಾಕ ಕೆಂಪಗ ಬೆಂದಂಗಾಗೈತಿ? ಅತ್ತೂ ಅತ್ತೂ ದನಿ ಹೋಗೈತಿ ಅದರದು. ಡಾಕ್ಟರು ಸಾಬೂನು ಬದಲಿಸ್ರಿ ಅಂದ್ರು, ಬದಲಿಸಿದ್ವಿ. ಇವತ್ತ ನಾ ಆ ರಬ್ಬರ್ ಒರಸಿ ಕಣ್ಣಿಗೆ ಕೈ ಹಚ್ಚಿದೆ. ಕಣ್ಣು ಕಿತ್ತು ಹೋದಂಗಾತು. ನಾನೂ ಹಮಾಲನ ಮಗಳ ಅದೇನಿ ಅಣ್ಣಾ. ನನಗ ಖಾರ ಗೊತ್ತಾಗಂಗಿಲ್ಲೇನು?"

ನಾಗಪ್ಪ ಚೀಲಕ್ಕೆ ಪಾನಾ, ಸ್ಕ್ರೂಡ್ರೈವರ್ ತುಂಬಿಕೊಂಡು ಹೊರಟ. ದಾರಿಯುದ್ದಕ್ಕೂ ಮಷೀನಿನ ಒಂದೊಂದು ಭಾಗವನ್ನೂ ಮನಸ್ಸಿನಲ್ಲಿ ಬಿಚ್ಚಿ ಜೋಡಿಸಿದ. ಖಾರ ಎಲ್ಲಿಂದ ಬಂತು? ಯಾರಾದರೂ ತನ್ನ ಕಣ್ಣು ತಪ್ಪಿಸಿ ಹಾಕಿದರೇ? ಗೋದಾಮಿನೊಳಗೆ ಬರುವವರೇ ಇಲ್ಲದಿರುವಾಗ ಯಾರು ಹಾಕುತ್ತಾರೆ?

ಹೊಳಿಯವ್ವನ ಹಿತ್ತಲಲ್ಲಿ ಮಷೀನಿನ ಹಿಂದಿನ ತಗಡು ಬಿಚ್ಚಿ, ಡ್ರಮ್ಮು ಹೊರಗೆಳೆದು, ರಬ್ಬರ್ ರಿಂಗನ್ನು ಕೈಯಲ್ಲಿ ಹಿಡಿದು ಮೂಸಿದ. ಏನೂ ಇಲ್ಲ. ನಾಲಿಗೆಗೆ ಮುಟ್ಟಿಸಿದ. ಸಾಬೂನಿನ ರುಚಿ. "ಏನೂ ಇಲ್ಲಲ್ಲ ಇದರಾಗ," ಎಂದು ತಂಗಿಯ ಕೈಗೆ ಕೊಟ್ಟ. ಅವಳು ಮೂಗಿನ ಹತ್ತಿರ ತರುವ ಮೊದಲೇ ಮುಖ ಸಿಂಡರಿಸಿ ಕೆಮ್ಮಿದಳು.

ಮಧು ಅಡುಗೆಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಹತ್ತಿರ ಬಂದಿರಲಿಲ್ಲ.

"ಮಾಮಾ, ಮಷೀನು ಚಾಲೂ ಆಗ್ತೈತಿಲ್ಲೋ ಅಂತ ನೋಡಾಕ ಏನ್ ಹಾಕಿದ್ದಿ?"

"ನನ್ನ ಅರಿವಿ, ಮತ್ತೇನು! ಬರೇ ನನ್ನ ಅರಿವಿನ. ದಿನಾ ಹಾಕಿ ನೋಡೇನಿ."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಳಿಯವ್ವ ಸುಮ್ಮನೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಧುವಿಗೆ ಸೀನು ಬಂತು, ತಡೆಯಲು ನೋಡಿದಳು, ಆಗಲಿಲ್ಲ. ಒಂದಾದ ಮೇಲೊಂದು ಬಂದವು. ಅವಳು ಕೂಸನ್ನು ಇನ್ನಷ್ಟು ಒಳಕ್ಕೆ ಸರಿಸಿ ಹಿಡಿದಳು.

"ಮಾಮಾ, ನಾ ಸಣ್ಣಾಕಿದ್ದಾಗಿಂದ್ಲೂ ಹಿಂಗ. ನೀ ಓಣಿ ತಿರುವಿಗೆ ಬರೂದ್ರಾಗ ನನಗ ಸೀನು ಬರ್ತಿದ್ವು. 'ನೋಡು, ನಿಮ್ಮ ಮಾಮಾ ಬಂದ' ಅಂತ ಅಪ್ಪ ನಗತಿದ್ದ. ನಾ ಬಾಗಲಾ ತಗ್ಯಾಕ ಓಡ್ತಿದ್ದೆ." ಅವಳ ದನಿ ಇಳಿಯಿತು. "ನಿನಗ ಗೊತ್ತೈತಿ ಅಂತ ತಿಳಿದಿದ್ವಿ."

ನಾಗಪ್ಪ ತೋಳು ಎತ್ತಿ ಅಂಗಿಯನ್ನು ಮೂಸಿ ನೋಡಿಕೊಂಡ. ಬೆಳಿಗ್ಗೆ ತಾನೇ ಮಡಿಚಿಟ್ಟಿದ್ದ ಅಂಗಿ, ಚೊಕ್ಕ ಸಾಬೂನಿನ ವಾಸನೆ.

"ಈಗೂ ಬರಾಕತ್ತೈತೇನು?"

 ಮಧು ಹೌದು ಎಂದು ತಲೆ ಹಾಕಿದಳು.

ಜವಳದ ಮಾತನ್ನು ಹೊಳಿಯವ್ವನೇ ತೆಗೆದಳು. ಅವಳ ಕಣ್ಣು ನೆಲ ನೋಡುತ್ತಿತ್ತು. "ಕೂಸಿನ ಮೈ ಇನ್ನೂ ಹಸಿ ಐತಿ ಅಣ್ಣಾ. ಈ ಸಲ ಮಧುನ ದೊಡ್ಡಪ್ಪನ ಮಗ ಕುಂದ್ರಲೇನು?"

"ಕುಂದ್ರಲಿ ಬಿಡು," ಎಂದ ನಾಗಪ್ಪ. ಅಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ಹೊಳಿಯವ್ವನಿಗೆ ಅಳು ಬಂತು.

"ಯಾರೂ ಬ್ಯಾಡ, ಮಾಮಾನ ಕುಂದ್ರಬೇಕು," ಎಂದಳು ಮಧು ಬಾಗಿಲಿನಿಂದಲೇ. "ಹಿಂದಿನ ದಿನಾನ ಬಾ ಮಾಮಾ. ಇಲ್ಲೇ ಮೈ ತೊಳಕೊಂಡು ಅಪ್ಪನ ಅರಿವಿ ಹಾಕ್ಕೊಳ್ಳುವಂತಿ. ಅಲ್ಲಿಂದ ಮಾತ್ರ ಏನೂ ತರಬ್ಯಾಡ."

ಮರಳುವ ರೈಲಿನಲ್ಲಿ ಅವನು ಬಾಗಿಲ ಬಳಿ ಗಾಳಿಗೆ ನಿಂತೇ ಬಂದ. ಕಿಟಕಿ ಪಕ್ಕದ ಹೆಂಗಸೊಬ್ಬಳು ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು. ಪಾಯಖಾನೆಯ ನಾತಕ್ಕೋ ತನಗೋ ತಿಳಿಯಲಿಲ್ಲ. ಸಲಾವುದ್ದೀನನ ಟವೆಲು, ಎಂದೂ ಆರದ ಅವನ ಗಾಡಿ, ಬಿಲ್ಲಿನವನ ಓಟ, ಒಂದೊಂದೂ ನೆನಪಿಗೆ ಬಂದವು. ಸುಣ್ಣದ ಕೆಳಗಿನಿಂದ ಎದ್ದದ್ದು ಇಟ್ಟಿಗೆಯ ಕೆಂಪಲ್ಲ, ಗೋಡೆ ಕುಡಿದಿದ್ದ ಹಳೆಯ ಖಾರ; ಅದೇ ಅವನ ಮೈಗೂ ಅರಿವೆಗೂ ಹತ್ತಿತ್ತು. ಯಾರಿಗೂ ಅವನ ಸಂಸಾರ ಕಂಡು ನಾಚಿಕೆಯಿರಲಿಲ್ಲ. ಅವರಿಗೆ ಉಸಿರು ಕಟ್ಟುತ್ತಿತ್ತು, ಅಷ್ಟೇ. ಇಷ್ಟು ವರ್ಷ ಅವರ ಮೇಲೆ ಸಾಕಿಕೊಂಡು ಬಂದ ಸಿಟ್ಟನ್ನು ಈಗ ಎಲ್ಲಿ ಇಳಿಸುವುದು? ಜೊತೆಗೊಬ್ಬರು ಇದ್ದಿದ್ದರೆ ಮೊದಲ ವಾರವೇ ಸೀನಿ, ಬೈದು, ಗೋಡೆ ಕೆರೆಸುತ್ತಿದ್ದರು. ಯಾರೂ ಇರಲಿಲ್ಲ, ಅದಕ್ಕೆ ಯಾರೂ ಹೇಳಲಿಲ್ಲ. ಯಾರೂ ಹೇಳಲಿಲ್ಲ, ಅದಕ್ಕೆ ಯಾರೂ ಒಳಗೆ ಬರಲಿಲ್ಲ. ಇದನ್ನು ಎಣಿಸಿಕೊಂಡಾಗ ನಾಗಪ್ಪನಿಗೆ ತನ್ನ ಮೇಲೆ ಮರುಕವೇ ಬಂತು, ಆ ಮರುಕಕ್ಕೆ ನಾಚಿಕೆಯೂ ಆಯಿತು.

ಸಲಾವುದ್ದೀನನನ್ನು ಫೋನಿನಲ್ಲಿ ಕೇಳಿಯೇಬಿಟ್ಟ.

"ಹೇಳಬೇಕಂತ ಎಷ್ಟೋ ಸಲ ಮಾಡೇನಿ ನಾಗಣ್ಣ," ಎಂದ ಅವನು. "ಆದ್ರ ಒಬ್ಬ ಮನಶ್ಯಾಗ ನಿನ್ನ ಮನ್ಯಾಗ ನಿಂದ್ರಾಕ ಆಗಂಗಿಲ್ಲ ಅಂತ ಹೆಂಗ ಹೇಳೂದು? ನೀ ಚಾಕ ಕರೀತಿದ್ದಿ. ಮನಿಗೆ ಹೋಗಿ ನನಗ ಕೆಟ್ಟ ಅನಸ್ತಿತ್ತು." ಅಂದಿನಿಂದ ಅವನು ಊರೂರು ತಿರುಗಿ ಆ ಮಷೀನಿಗೆ ಹೊಂದುವ ಹೊಸ ರಬ್ಬರ್ ರಿಂಗೊಂದನ್ನು ಹುಡುಕಿದ. ಅದನ್ನು ಬ್ಯಾಡಗಿಗೆ ತರದೆ ನೇರವಾಗಿ ರಾಣೆಬೆನ್ನೂರಿಗೇ ಮುಟ್ಟಿಸಿ ಬಂದ.

ಜವಳದ ಹಿಂದಿನ ಸಂಜೆ ನಾಗಪ್ಪ ಬರಿಗೈಯಲ್ಲಿ ಹೋದ. ಹೊಲಿಸಿದ್ದ ಬಿಳಿ ಅಂಗಿಯನ್ನೂ ಒಯ್ಯಲಿಲ್ಲ. ಅದು ಗೋದಾಮಿನಲ್ಲಿ ನಾಲ್ಕು ದಿನ ಇದ್ದದ್ದು. ಮೊದಲು ಹಿತ್ತಲಲ್ಲಿ ಕೂತು ಮಷೀನಿಗೆ ಹೊಸ ರಿಂಗ್ ಕೂರಿಸಿ, ಕುದಿಯುವ ನೀರು ಬಿಟ್ಟು ಮತ್ತೆ ಮತ್ತೆ ತೊಳೆದ. ಹೊಳಿಯವ್ವ ತನ್ನ ಹಳೆಯ ಸೀರೆ ಹಾಕಿ ತಿರುಗಿಸಿದಳು, ತೆಗೆದು ಮೂಸಿದಳು. ಕೆಮ್ಮು ಬರಲಿಲ್ಲ. ಆಮೇಲೆ ಅಣ್ಣನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿದಳು. ಅವನ ಕೈಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಕಡಲೆಹಿಟ್ಟಿನಲ್ಲಿ ತೊಳೆದು, ಪರಾತದ ತುಂಬ ಮಜ್ಜಿಗೆ ಹೊಯ್ದು ಅದರಲ್ಲಿ ಅದ್ದಿಸಿದಳು.  ಹಿಂದೊಂದು ಕಾಲದಲ್ಲಿ ಇಂಥ ಪರಾತದ ಎದುರು ಯಾರು ಕೂರುತ್ತಿದ್ದರೆಂದು ಇಬ್ಬರಿಗೂ ಗೊತ್ತಿತ್ತು.

ಬೆಳಿಗ್ಗೆ ಸೀಗೆಕಾಯಿಯಲ್ಲಿ ತಲೆ ತೊಳೆದುಕೊಂಡು, ಹೊಳಿಯವ್ವನ ಗಂಡನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನು ಮಣೆಯ ಮೇಲೆ ಕೂತ. ಮಧು ಹತ್ತಿರ ಬಂದಳು. ನಾಗಪ್ಪ ಉಸಿರು ಬಿಗಿಹಿಡಿದು ಅವಳ ಮೂಗನ್ನೇ ನೋಡುತ್ತಿದ್ದ. ಸೀನು ಬರಲಿಲ್ಲ. ಅವಳು ನಕ್ಕು ಕೂಸನ್ನು ಅವನ ತೊಡೆಯ ಮೇಲೆ ಕೂರಿಸಿದಳು. ಅವನು ತನ್ನ ಎರಡೂ ಕೈಗಳನ್ನು ದೂರ ಚಾಚಿಯೇ ಇಟ್ಟುಕೊಂಡ; ಹಿಡಿಯಬೇಕೆಂಬ ಆಸೆ, ಮುಟ್ಟಲು ಭಯ. ಕಡೆಗೆ ಕತ್ತರಿ ಹಿಡಿದು ನೆತ್ತಿಯ ಒಂದೆಳೆ ಕತ್ತರಿಸಿದ. ಅಷ್ಟರಲ್ಲಿ ಕೂಸು ಅವನ ಎಡಗೈಯ ಬೆರಳನ್ನು ಎಳೆದುಕೊಂಡು ಗಬಕ್ಕನೆ ಬಾಯಿಗಿಟ್ಟುಕೊಂಡಿತು.

 ಹೊಳಿಯವ್ವನ ಕೈ ತಾನಾಗಿ ಮುಂದೆ ಬಂತು. ಕೂಸು ಹುಬ್ಬು ಗಂಟಿಕ್ಕಿ ಒಂದು ಗಳಿಗೆ ಯೋಚಿಸಿತು, ಆಮೇಲೆ ಹಲ್ಲಿಲ್ಲದ ವಸಡಿನಲ್ಲಿ ಆ ಬೆರಳನ್ನು ಚೀಪತೊಡಗಿತು. ನಾಗಪ್ಪನ ಕಣ್ಣಲ್ಲಿ ದಳದಳ ನೀರು ಇಳಿಯಿತು. ಅದು ಖಾರದ್ದಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕ್ಷೌರಿಕ ಬಂದು ಉಳಿದ ಕೂದಲು ತೆಗೆದು ಮುಗಿಸುವವರೆಗೂ ಕೂಸು ಆ ತೊಡೆಯ ಮೇಲೇ ಇತ್ತು.

ಊಟವಾದ ಮೇಲೆ ಮಧುವಿನ ಗಂಡ ವೀರೇಂದ್ರ ಸಂಕೋಚದಿಂದ ಹತ್ತಿರ ಬಂದ. "ಮಾವಾರ, ತಪ್ಪ ತಿಳಕೋಬ್ಯಾಡ್ರಿ. ಹಾವೇರ್‍ಯಾಗ ನಮ್ಮ ಮನಿಗೆ ಹೊಸಾ ಮಷೀನು ತಗೊಂಡೇವ್ರಿ. ಕೂಸಿನ ವಿಷಯ ಅಲ್ಲೇನ್ರಿ, ನಮ್ಮವ್ವಗ ಅಂಜಿಕಿ ಆಗೈತ್ರಿ."

"ಛಲೋ ಮಾಡಿದ್ರಿ. ಇದನ್ನ ನಾ ಒಯ್ತೇನಿ," ಎಂದ ನಾಗಪ್ಪ. ಅವನ ಮಾತಿನಲ್ಲಿ ಕೊಂಕಿರಲಿಲ್ಲ.

ಹೊರಡುವಾಗ ಮಧು ಟೆಂಪೋದ ತನಕ ಬಂದಳು. "ಹಾವೇರಿಗೆ ಬಾ ಮಾಮಾ. ಕೂಸಿನ್ನ ನೋಡಾಕ ಬರ್ತಿರಬೇಕು." ಆಮೇಲೆ ಸ್ವಲ್ಪ ತಡೆದು, "ಬರೂ ಮುಂದ ಒಂದ್ ಫೋನ್ ಮಾಡು. ನೀರು ಕಾಸಿ, ಅರಿವಿ ತಗದು ಇಟ್ಟಿರ್ತೇನಿ," ಎಂದಳು. ಪ್ರೀತಿಯಿಂದಲೇ ಹೇಳಿದಳು. ಅವಳು ಸೀನುತ್ತ ಬಾಗಿಲು ತೆಗೆಯಲು ಓಡಿ ಬರುತ್ತಿದ್ದ ಕಾಲ ಮುಗಿಯಿತು ಎಂದು ನಾಗಪ್ಪನಿಗೆ ಅರ್ಥವಾಯಿತು. ಆಗಲಿ ಎಂದು ತಲೆಯಾಡಿಸಿದ.

ಬ್ಯಾಡಗಿಯಲ್ಲಿ ಟೆಂಪೋದವನು ಗೋದಾಮಿನ ಮುಂದೆ ಗಾಡಿ ನಿಲ್ಲಿಸಿದವನೇ ಮೂಗು ತಿಕ್ಕಿಕೊಂಡ. "ಅಣ್ಣಾರ, ಇಲ್ಲೇ ಬಾಗಲದಾಗ ಇಳಸ್ತೇವ್ರಿ."

"ಇಲ್ಲೇ ಇಳಸಪ್ಪಾ. ಒಳಗ ಬರಬ್ಯಾಡ್ರಿ," ಎಂದ ನಾಗಪ್ಪ. ಚಹಾಕ್ಕೂ ಕರೆಯಲಿಲ್ಲ.

ಟೆಂಪೋ ಹೋದ ಮೇಲೆ ಅವನು ಬೀಗ ತೆಗೆದು, ಸಲಾವುದ್ದೀನ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಒಳಗಿನ ಗಾಳಿಯನ್ನು ಎದೆಯ ತುಂಬ ಎಳೆದುಕೊಂಡ. ಇನ್ನೊಮ್ಮೆ ಎಳೆದ. ಒಂದು ಸೀನು ಬಂದರೆ ಸಾಕಾಗಿತ್ತು. ಏನೂ ಬರಲಿಲ್ಲ. ಊರಿಗೆಲ್ಲ ಉರಿಯುವ ಮನೆ ಅವನೊಬ್ಬನಿಗೆ ತಣ್ಣಗಿತ್ತು.

ಮೈಮೇಲಿನ ಅಂಗಿ ಮಾತ್ರ ಅವನ ಮೂಗಿಗೆ ತಿಳಿಯುತ್ತಿತ್ತು. ಹಾಲು, ಬಜೆ, ಲೋಬಾನದ ಹೊಗೆ, ಎದೆಯ ಹತ್ತಿರ ಕೂಸಿನ ಜೊಲ್ಲು ಒಣಗಿದ ಕಲೆ. ಪರರ ಅಂಗಿ, ತಿರುಗಿ ಕೊಡಬೇಕಾದದ್ದು. ಅವನು ಹೊಸ್ತಿಲ ಹೊರಗೇ ಗುಂಡಿ ಬಿಚ್ಚಿ ಅದನ್ನು ತೆಗೆದ, ನಾಲ್ಕು ಮಡಿಕೆ ಮಾಡಿದ, ಮಷೀನಿನ ಗಾಜಿನ ಬಾಗಿಲು ತೆರೆದು ಒಣಗಿದ ಡ್ರಮ್ಮಿನೊಳಗೆ ಇಟ್ಟ. ಬಾಗಿಲು ಒತ್ತಿದ, ಹೊಸ ರಬ್ಬರು ಬಿಗಿಯಾಗಿ ಕಚ್ಚಿಕೊಂಡಿತು. ನೀರು ಹೊರಗೆ ಬಿಡದ ಬಾಗಿಲು ಧೂಳನ್ನೂ ಒಳಗೆ ಬಿಡುವುದಿಲ್ಲ ಎಂದು ಲೆಕ್ಕ ಹಾಕಿಕೊಂಡ. ಆಮೇಲೆ ಬರಿಮೈಯಲ್ಲಿ, ಮಷೀನಿನ ಕೆಳಗೆ ಗೋಣಿತಟ್ಟು ಹಾಕಿ, ಇಂಚಿಂಚಾಗಿ ಅದನ್ನು ಒಳಗೆ ಎಳೆದುಕೊಂಡ.

ದೀಪ ಹಚ್ಚಿ ತನ್ನ ಕುರ್ಚಿಯಲ್ಲಿ ಕೂತ. ಗಾಜಿನ ಹಿಂದೆ ಅಂಗಿ ಇತ್ತು. ಕೈ ರೂಢಿಯಂತೆ ಸ್ವಿಚ್ಚಿನ ಕಡೆ ಹೋಯಿತು. ನಾಗಪ್ಪ ಅದನ್ನು ಹಿಂದಕ್ಕೆ ತೆಗೆದುಕೊಂಡು, ಅಂಗಿಯನ್ನು ನೋಡುತ್ತ ಸುಮ್ಮನೆ ಕೂತಿದ್ದ.